ಹುಲಿಗೂ ಒಂದು ಏಕಾದಶಿ

ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಕಡೆಯ ಮನೆಗಳಲ್ಲಿ ಬನ್ನೇರುಘಟ್ಟ ಎನ್ನುವುದು ಪ್ರತಿ ಬೇಸಿಗೆಗೂ ಬಡ್ಡಿ ಬೆಳೆಯುತ್ತಾ ಹೋಗುವ ಸಾಲ. ಏಪ್ರಿಲ್ ಮೊದಲ ವಾರ "ಮುಂದಿನ ಭಾನುವಾರ ಖಂಡಿತ" ಎಂದು ಮಾತು ಕೊಡುತ್ತೇವೆ. ಮೇ ತಿಂಗಳು ಮದುವೆ, ಗೃಹಪ್ರವೇಶ, ಊರಹಬ್ಬಗಳಲ್ಲಿ ಕರಗಿಹೋಗುತ್ತದೆ. ಶಾಲೆ ಶುರುವಾಗಲು ನಾಲ್ಕು ದಿನವಿದೆ ಎನ್ನುವಾಗ ಮಕ್ಕಳು ಬಾಗಿಲಿಗೆ ಅಡ್ಡ ನಿಂತು ವಸೂಲಿಗೆ ಇಳಿಯುತ್ತಾರೆ. ಕಬ್ಬನ್ ಪಾರ್ಕಿನ ಪುಟಾಣಿ ರೈಲು ಹತ್ತಿಸಿ ಕೈ ತೊಳೆದುಕೊಳ್ಳೋಣವೆಂದರೆ ಒಪ್ಪುವುದಿಲ್ಲ. ಅವರಿಗೆ ಬೇಕಾದದ್ದು ಸಿಂಹ. ಅದೂ ಬಸ್ಸಿನ ಕಿಟಕಿಗೆ ಮೂಗು ತಾಗಿಸುವ ಸಿಂಹ.

ನಾವಿರುವುದು ಊರಿನ ಪಶ್ಚಿಮಕ್ಕೆ, ಆ ಕಾಡಿರುವುದು ದಕ್ಷಿಣದ ತುದಿಗೆ. ಕಾರಿದ್ದವರು ಕೆಂಗೇರಿಯ ಬಳಿ ನೈಸ್ ರಸ್ತೆ ಹಿಡಿದು ಗೊಟ್ಟಿಗೆರೆಯ ಹತ್ತಿರ ಇಳಿದುಬಿಡುತ್ತಾರೆ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ, ಏಕೆಂದರೆ ಅತ್ತೆಯೂ ಹೊರಟಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮತ್ತೆ ಬಸ್ಸಿರುವ ಜಾಗಕ್ಕೆ ಬೇರೆ ಗಾಡಿಯಲ್ಲಿ ಹೋಗುವುದನ್ನು ದುಂದುವೆಚ್ಚವೆಂದು ತೀರ್ಮಾನಿಸಿದ್ದಾರೆ. ತಂಗಿಯ ಇಬ್ಬರು ಗಂಡುಮಕ್ಕಳು ಕೆಂಗೇರಿ ಉಪನಗರದಿಂದ ಹಿಂದಿನ ರಾತ್ರಿಯೇ ಬಂದಿದ್ದರು. ವಿಜಯನಗರದಿಂದ ಮೆಜೆಸ್ಟಿಕ್‌ವರೆಗೆ ಮೆಟ್ರೊ, ಅಲ್ಲಿಂದ 365ನೇ ನಂಬರಿನ ಬಸ್ಸು. ಅತ್ತೆ ಆಧಾರ್ ಕಾರ್ಡನ್ನು ಕಂಡಕ್ಟರಿಗೆ ತೋರಿಸಿ, ಗುಲಾಬಿ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಸೇರಿಸಿದರು. "ಹೋಗೋದು ಪುಕ್ಕಟೆ, ಬರೋದು ಪುಕ್ಕಟೆ. ಸಿಂಹದ ಮುಖ ನೋಡೋಕೆ ಮಾತ್ರ ದುಡ್ಡು ನೋಡಮ್ಮಾ."

ಅರೆಕೆರೆ, ಹುಳಿಮಾವು, ಗೊಟ್ಟಿಗೆರೆ ದಾಟುವಷ್ಟರಲ್ಲಿ ಮಕ್ಕಳು ತಂದಿದ್ದ ಕೋಡುಬಳೆ ಮುಗಿದಿತ್ತು. ಅತ್ತೆಯ ಮನಸ್ಸು ಮಾತ್ರ ಬೇರೆಲ್ಲೋ ಇತ್ತು. ಅವರು ಮದುವೆಯಾಗಿ ಬೆಂಗಳೂರಿಗೆ ಬಂದ ಕಾಲಕ್ಕೆ ಬನ್ನೇರುಘಟ್ಟವೆಂದರೆ ಚಂಪಕಧಾಮಸ್ವಾಮಿ ದೇವಸ್ಥಾನ ಮತ್ತು ಸುವರ್ಣಮುಖಿ. ರಾಷ್ಟ್ರೀಯ ಉದ್ಯಾನ ಎಂಬ ಹೆಸರು ಬಂದದ್ದು 1974ರಲ್ಲಿ. ಈಗ ನಾವು ಟಿಕೆಟ್ ಕೊಂಡು ಒಳಗೆ ಹೋಗುವುದು ಜೈವಿಕ ಉದ್ಯಾನಕ್ಕೆ; 2002ರಲ್ಲಿ ಕಾಡಿನಿಂದ ಅದನ್ನು ಬೇರ್ಪಡಿಸಿ ಮೃಗಾಲಯ ಪ್ರಾಧಿಕಾರದ ಕೈಗೆ ಕೊಟ್ಟರು. ಅದರ ವಿಸ್ತೀರ್ಣ ಸುಮಾರು 730 ಹೆಕ್ಟೇರು. ಬೇಲಿಯಾಚೆ, ಯಾರ ಟಿಕೆಟ್ಟಿಗೂ ಸಿಗದೆ, 260 ಚದರ ಕಿಲೋಮೀಟರಿನ ನಿಜವಾದ ಕಾಡು ಕಾವೇರಿ ವನ್ಯಧಾಮದ ದಿಕ್ಕಿಗೆ ಚಾಚಿಕೊಂಡಿದೆ. ಆನೆಗಳು ಓಡಾಡುವ ಹಾದಿ ಅದು. ನಾವೆಲ್ಲ ಎರಡನ್ನೂ ಒಂದೇ ಎಂದುಕೊಂಡು "ಕಾಡು ನೋಡಿ ಬಂದೆವು" ಅನ್ನುತ್ತೇವೆ. ನೋಡುವುದು ಬೇಲಿಯ ಈಚೆಗಿನದನ್ನು.

ಸಫಾರಿ ಬಸ್ಸಿನ ಸಾಲಿನಲ್ಲಿ ನಿಲ್ಲುವುದರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ, ತಿರುಪತಿಗೆ ಹೋದವರಿಗೆ ಅದು ಕಷ್ಟವಲ್ಲ. ಬಸ್ಸಿನ ಕಿಟಕಿಗಳಿಗೆಲ್ಲ ಜಾಲರಿ. ಮೊದಲ ಗೇಟು ತೆರೆದು, ಬಸ್ಸು ಒಳಗೆ ಹೋಗಿ, ಹಿಂದಿನ ಗೇಟು ಮುಚ್ಚಿದ ಮೇಲೆಯೇ ಮುಂದಿನದು ತೆರೆಯುತ್ತದೆ. ಎರಡು ಗೇಟುಗಳ ನಡುವೆ ಬಸ್ಸು ನಿಂತಾಗ ತಂಗಿಯ ಕಿರಿಮಗ ಕೇಳಿದ, "ದೊಡ್ಡಮ್ಮಾ, ಬೀಗ ಹಾಕ್ತಿರೋದು ನಮಗಾ ಅದಕ್ಕಾ?" ನಾನು ಉತ್ತರ ಹುಡುಕುವ ಮೊದಲೇ ಬಸ್ಸು ಹೊರಟಿತು.

ಮೊದಲು ಸಿಗುವುದು ಜಿಂಕೆ, ಕಡವೆ, ಕಾಟಿಗಳ ಬಯಲು. ಜಿಂಕೆಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ದೊಡ್ಡವರು ಆಗಲೇ ಮೊಬೈಲಿನ ಬ್ಯಾಟರಿಯನ್ನು ಹುಲಿಗೆಂದು ಉಳಿಸಿಕೊಳ್ಳುತ್ತಿದ್ದರು. ನನ್ನ ಮಗಳು ಮಾತ್ರ ಒಂದು ಕಾಟಿಯ ಕಾಲನ್ನೇ ನೋಡುತ್ತಿದ್ದಳು. ಮೈಯೆಲ್ಲ ಕಪ್ಪು, ಮಂಡಿಯಿಂದ ಕೆಳಗೆ ಬಿಳಿ. "ಅದು ಯೂನಿಫಾರ್ಮಿನ ಸಾಕ್ಸ್ ಹಾಕ್ಕೊಂಡಿದೆ" ಎಂದಳು. ಅವಳ ಪ್ರಕಾರ ಅಂದಿನ ಸಫಾರಿಯಲ್ಲಿ ಅದೇ ಅತ್ಯುತ್ತಮ ದೃಶ್ಯ. ಮನೆಗೆ ಬಂದು ಚಿತ್ರ ಬರೆದದ್ದೂ ಅದನ್ನೇ.

ಕರಡಿಗಳು ಬಂಡೆಯ ಪಕ್ಕ ಮಣ್ಣು ಮೂಸುತ್ತಿದ್ದವು. ನಮ್ಮ ಕರಡಿಗೆ ಮೇಲ್ದವಡೆಯ ಮುಂಭಾಗದಲ್ಲಿ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಸೊರ್‌ ಎಂದು ಹೀರುವುದು. ಅತ್ತೆಗೆ ಇದೆಲ್ಲ ಬೇಕಿರಲಿಲ್ಲ. ಅವರ ಬಾಲ್ಯದಲ್ಲಿ ಕರಡಿ ಮನೆ ಬಾಗಿಲಿಗೇ ಬರುತ್ತಿತ್ತು, ಮೂಗಿನಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಖಲಂದರ. ಮಗುವಿಗೆ ಭಯ ಹಿಡಿದರೆ ಕರಡಿಯ ಮೇಲೆ ಕೂರಿಸಿ, ಅದರ ಕೂದಲು ಕಿತ್ತು ತಾಯಿತ ಕಟ್ಟುತ್ತಿದ್ದರಂತೆ. ಆ ಹಗ್ಗಕ್ಕಾಗಿ ಮರಿಯ ಮೂತಿಗೆ ಕಾದ ಕಬ್ಬಿಣ ಚುಚ್ಚುತ್ತಿದ್ದರು, ಹಲ್ಲು ಮುರಿಯುತ್ತಿದ್ದರು ಎಂಬುದನ್ನು ಆಗ ಯಾರೂ ಕೇಳಿರಲಿಲ್ಲ. ಬನ್ನೇರುಘಟ್ಟದಲ್ಲಿ ಅಂಥ ಕರಡಿಗಳಿಗೆಂದೇ ಒಂದು ಆಶ್ರಯ ಕೇಂದ್ರವಿದೆ. ದೇಶದಲ್ಲಿ ಬೀದಿಯಲ್ಲಿ ಕುಣಿಯುತ್ತಿದ್ದ ಕಡೆಯ ಕರಡಿ ಎಂದು ದಾಖಲಾದ ರಾಜು ಎಂಬುವನನ್ನು 2009ರ ಡಿಸೆಂಬರಿನಲ್ಲಿ ಹಗ್ಗ ಬಿಚ್ಚಿ ತಂದು ಸೇರಿಸಿದ್ದು ಇಲ್ಲಿಗೇ. ನಾನು ಇದನ್ನು ಹೇಳಿದಾಗ ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿನ್ನ ಗಂಡನಿಗೂ ಕಟ್ಟಿಸಿದ್ದೆ ಕಣೇ ಆ ತಾಯಿತ" ಎಂದರು.

ಸಿಂಹಗಳ ಕಥೆಯೂ ಇಂಥದ್ದೇ. ಕರ್ನಾಟಕದ ಕಾಡಿನಲ್ಲಿ ಸಿಂಹವಿಲ್ಲ. ಈ ದೇಶದಲ್ಲಿ ಅವು ಸ್ವತಂತ್ರವಾಗಿ ಬದುಕಿರುವುದು ಗುಜರಾತಿನ ಗಿರ್ ಸೀಮೆಯಲ್ಲಿ ಮಾತ್ರ. ಹಾಗಾದರೆ ಬನ್ನೇರುಘಟ್ಟದ ಮರದ ಕೆಳಗೆ ಆಕಳಿಸುತ್ತಿರುವ ಇವರು ಯಾರು? ಇಲ್ಲಿಗೆ ಬಂದ ಸಿಂಹಗಳಲ್ಲಿ ಬಹಳಷ್ಟು ಸರ್ಕಸ್ಸಿನ ಡೇರೆಯವು. 1998ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಪ್ರದರ್ಶನ ಮಾಡಕೂಡದೆಂದು ಆದೇಶಿಸಿತು. ಸರ್ಕಸ್ಸಿನವರು ಕೋರ್ಟಿಗೆ ಹೋದರು; 2001ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು. ಪ್ರದರ್ಶನ ನಿಂತಿತು ಸರಿ, ಪ್ರಾಣಿಗಳು ಎಲ್ಲಿಗೆ ಹೋಗಬೇಕು? ಬೇಟೆಯಾಡಿ ಗೊತ್ತಿಲ್ಲದ, ಬೋನಿನಲ್ಲೇ ಹುಟ್ಟಿದ, ಆಫ್ರಿಕಾದ ರಕ್ತವೂ ಗಿರ್‌ನ ರಕ್ತವೂ ಬೆರೆತುಹೋದ ಅವುಗಳನ್ನು ಯಾವ ಕಾಡಿಗೂ ಬಿಡುವಂತಿರಲಿಲ್ಲ. ಅಂಥವಕ್ಕೆ ಜಾಗ ಕೊಟ್ಟ ಕೆಲವೇ ಕೆಲವು ಕಡೆಗಳಲ್ಲಿ ಬನ್ನೇರುಘಟ್ಟವೂ ಒಂದು. ಅತ್ತೆ ಸಿಂಹವನ್ನು ಅಡಿಯಿಂದ ಮುಡಿವರೆಗೆ ನೋಡಿ, "ಬೆಂಕಿ ಬಳೆಯೊಳಗೆ ಹಾರಿ ಹಾರಿ ಸಾಕಾಗಿದೆ ಪಾಪ. ಮಲಗಲಿ ಬಿಡಿ" ಎಂದು ತೀರ್ಪು ಕೊಟ್ಟರು.

ಆದರೆ ಬಸ್ಸಿನಲ್ಲಿದ್ದ ಗಂಡಸರು ಮಲಗಗೊಡಬೇಕಲ್ಲ. "ಏ, ಎದ್ದೇಳೋ!" "ಒಂದ್ಸಲ ಘರ್ಜನೆ ಮಾಡೋ ರಾಜಾ!" ಒಬ್ಬರು ಸಿಳ್ಳೆ ಹಾಕಿದರು, ಇನ್ನೊಬ್ಬರು ಡ್ರೈವರಿಗೆ "ಸ್ವಲ್ಪ ಹತ್ರ ತಗೊಳ್ಳಿ ಸಾರ್" ಎಂದರು. ಮಕ್ಕಳು ಗಲಾಟೆ ಮಾಡುತ್ತಾರೆಂದು ದೂರುವುದು ನಮ್ಮ ಅಭ್ಯಾಸ. ನಾನು ಕಂಡಂತೆ ಸಫಾರಿ ಬಸ್ಸಿನಲ್ಲಿ ಗಲಾಟೆಯೆಲ್ಲ ಮೂವತ್ತು ದಾಟಿದವರದು. ಮಕ್ಕಳು ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಸಿಂಹ ಮಲಗಿದ್ದರೂ ಅವರಿಗೆ ಅದು ಸಿಂಹವೇ. ಎದ್ದು ಏನಾದರೂ ಮಾಡಿ ತೋರಿಸಬೇಕೆಂಬ ಹಟ ಟಿಕೆಟ್ಟಿಗೆ ದುಡ್ಡು ಕೊಟ್ಟವರದು.

ಹುಲಿಯ ಆವರಣ ಬಂದಾಗ ಮಗಳಿಗೆ ಗೋವಿನ ಹಾಡು ನೆನಪಾಯಿತು. ಅವಳದು ನ್ಯಾಯವಾದ ಸಂಶಯ. "ಹಾಡಿನ ಹುಲಿ ಬೆಟ್ಟದಿಂದ ಹಾರಿ ಸತ್ತೋಯ್ತಲ್ಲ ಅಜ್ಜಿ, ಇದು ಯಾವ್ದು?" ಅತ್ತೆ ತಡಮಾಡಲಿಲ್ಲ. "ಇದು ಹಾರದೇ ಇದ್ದಿದ್ದು." ಮುಂದೆ ನೀರಿನಲ್ಲಿ ಕುಳಿತಿದ್ದ ಬಿಳಿ ಹುಲಿಗೆ ಇಡೀ ಬಸ್ಸು ಎದ್ದು ನಿಂತಿತು. ಅದು ಬೇರೆ ಜಾತಿಯಲ್ಲ, ಹಿಮದ ನಾಡಿನದೂ ಅಲ್ಲ. ಬಣ್ಣದ ವಂಶವಾಹಿಯ ಒಂದು ವ್ಯತ್ಯಾಸ ಅಷ್ಟೆ. 1951ರಲ್ಲಿ ರೇವಾದ ಮಹಾರಾಜರು ಹಿಡಿಸಿದ ಮೋಹನ್ ಎಂಬ ಮರಿಯ ಸಂತತಿಯನ್ನೇ ಅದರೊಳಗೇ ಕೂಡಿಸಿ ಕೂಡಿಸಿ ಬೆಳೆಸಿದ್ದರಿಂದ ಜಗತ್ತಿನ ಮೃಗಾಲಯಗಳ ಬಿಳಿ ಹುಲಿಗಳು ಬಹುಪಾಲು ಒಬ್ಬನೇ ಅಜ್ಜನ ಮೊಮ್ಮಕ್ಕಳು. ನನಗೆ ಆ ಬಿಳುಪಿನ ಮೋಹ ಎಂದೂ ಅರ್ಥವಾಗಿಲ್ಲ. ಕ್ರೀಮು ಹಚ್ಚಿಕೊಳ್ಳುವ ದೇಶದಲ್ಲಿ ಹುಲಿಯೂ ಬೆಳ್ಳಗಿದ್ದರೆ ಜಾಸ್ತಿ ಚೆಂದ ಕಾಣುತ್ತದೋ ಏನೋ.

ಇವುಗಳ ಊಟ ಎಷ್ಟು ಹೊತ್ತಿಗೆ ಎಂದು ಹಿರಿಯ ಹುಡುಗ ಕೇಳಿದ. ಸಂಜೆ ಗೂಡಿಗೆ ಬಂದ ಮೇಲೆ ಮಾಂಸ, ವಾರಕ್ಕೊಂದು ದಿನ ಮಾತ್ರ ಏನೂ ಇಲ್ಲ ಎಂದರು ಡ್ರೈವರು. ಕಾಡಿನ ಹುಲಿಗೆ ದಿನವೂ ಬೇಟೆ ಸಿಗುವುದಿಲ್ಲವಲ್ಲ; ಹೊಟ್ಟೆಗೆ ಬಿಡುವು ಸಿಗಲೆಂದು ನಮ್ಮ ಮೃಗಾಲಯಗಳಲ್ಲಿ ಹಾಗೆ ಉಪವಾಸವಿಡುವ ರೂಢಿಯಿದೆ. ಅತ್ತೆಗೆ ಅಂದಿನ ಪ್ರವಾಸ ಸಾರ್ಥಕವಾದದ್ದು ಆ ಕ್ಷಣದಲ್ಲಿ. "ನೋಡ್ರೋ, ಹುಲಿ ಕೂಡ ಏಕಾದಶಿ ಮಾಡತ್ತೆ. ನಿಮಗೆ ಒಂದು ಹೊತ್ತು ಬಿಸ್ಕತ್ತು ಇಲ್ಲ ಅಂದ್ರೆ ಮನೆ ಎತ್ತಿಹಾಕ್ತೀರ."

ಚಿರತೆ ಸಫಾರಿ ಹೊಸದು, 2024ರ ಜೂನ್‌ನಲ್ಲಿ ಶುರುವಾದದ್ದು. 20 ಹೆಕ್ಟೇರು ಕಲ್ಲುಬಂಡೆ, ಕುರುಚಲು ಕಾಡಿಗೆ ನಾಲ್ಕೂವರೆ ಮೀಟರು ಎತ್ತರದ ಬೇಲಿ ಹಾಕಿದ್ದಾರೆ. ಹುಲಿ ಸಿಂಹಗಳಿಗಿಂತ ಇದನ್ನು ಹಿಡಿದಿಡುವುದು ಕಷ್ಟ, ಚಿರತೆ ಮರವನ್ನೂ ಹತ್ತುತ್ತದೆ, ಗೋಡೆಯನ್ನೂ ಹತ್ತುತ್ತದೆ. 2025ರ ಆಗಸ್ಟಿನಲ್ಲಿ ಸಫಾರಿ ಜೀಪಿನ ಕಿಟಕಿಯ ಬಳಿ ಬಂದ ಚಿರತೆಯೊಂದು ಹುಡುಗನೊಬ್ಬನ ಕೈಗೆ ಪರಚಿದ ಮೇಲೆ ಜಾಲರಿಯ ಬಗ್ಗೆ ಎಲ್ಲರಿಗೂ ಗೌರವ ಬಂತು.

ಎಲ್ಲರೂ ಬಂಡೆಗಳ ಮೇಲೆ ಚುಕ್ಕೆ ಹುಡುಕುತ್ತಿದ್ದಾಗ ತಂಗಿಯ ಹಿರಿಮಗ ಆರಾಮವಾಗಿ ಒರಗಿ ಕುಳಿತಿದ್ದ. "ಯಾಕೋ, ನೋಡಲ್ವಾ?" ಎಂದೆ. "ನಮ್ಮನೆ ಹತ್ರಾನೇ ಇದೆಯಲ್ಲ ದೊಡ್ಡಮ್ಮಾ" ಎಂದ.

ಹುಡುಗನ ಜಂಭದಲ್ಲಿ ಸುಳ್ಳಿರಲಿಲ್ಲ. 2022ರ ಡಿಸೆಂಬರಿನಲ್ಲಿ ತುರಹಳ್ಳಿ ಕಾಡಿನ ಅಂಚಿನಲ್ಲಿ, ಕೆಂಗೇರಿಯ ಕೋಡಿಪಾಳ್ಯದ ಆಸುಪಾಸಿನಲ್ಲಿ ಚಿರತೆ ಕಾಣಿಸಿಕೊಂಡು ಬಡಾವಣೆಗಳೆಲ್ಲ ಸಂಜೆಗೇ ಬಾಗಿಲು ಹಾಕಿಕೊಂಡಿದ್ದವು. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿಯವರ ಹೊಳೆಮತ್ತಿ ನೇಚರ್ ಫೌಂಡೇಶನ್ ತಂಡ ಕ್ಯಾಮೆರಾ ಕಟ್ಟಿ ಲೆಕ್ಕ ಹಾಕಿ, ಬೆಂಗಳೂರಿನ ಸುತ್ತ 80ರಿಂದ 85 ಚಿರತೆಗಳಿವೆ ಎಂದು 2025ರಲ್ಲಿ ಹೇಳಿತು. ಅವುಗಳಲ್ಲಿ 54 ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದವು. ಉಳಿದವು ತುರಹಳ್ಳಿ, ಬಿ.ಎಂ. ಕಾವಲ್, ಯು.ಎಂ. ಕಾವಲ್‌ನಂಥ ತುಂಡು ಕಾಡುಗಳಲ್ಲಿ, ನಮ್ಮ ಅಪಾರ್ಟ್‌ಮೆಂಟುಗಳ ಹಿತ್ತಲಲ್ಲಿ. ಇದೇ ಗುಬ್ಬಿಯವರು 2016ರ ಫೆಬ್ರುವರಿಯಲ್ಲಿ ಊರಿನ ಪೂರ್ವದ ಶಾಲೆಯೊಂದಕ್ಕೆ ನುಗ್ಗಿದ ಚಿರತೆಯಿಂದ ಗಾಯಗೊಂಡವರು. ಆ ಚಿರತೆಯನ್ನು ಹಿಡಿದು ಬನ್ನೇರುಘಟ್ಟಕ್ಕೆ ತಂದರೆ ವಾರದೊಳಗೆ ಬೋನಿನಿಂದ ತಪ್ಪಿಸಿಕೊಂಡು ಹೋಯಿತು. ಹೀಗಿದೆ ನಮ್ಮ ವ್ಯವಹಾರ: ಕೆಂಗೇರಿಯ ಮಗು ಚಿರತೆ ನೋಡಲೆಂದು ಊರು ಸುತ್ತಿ ಬನ್ನೇರುಘಟ್ಟಕ್ಕೆ ಬರುತ್ತದೆ, ಚಿರತೆ ಯಾರನ್ನೂ ನೋಡುವ ಇಷ್ಟವಿಲ್ಲದೆ ಕೆಂಗೇರಿಯಲ್ಲೇ ಇರುತ್ತದೆ.

ಚಿಟ್ಟೆ ಉದ್ಯಾನಕ್ಕೆ ಹೋಗುವಷ್ಟರಲ್ಲಿ ಎಲ್ಲರಿಗೂ ಕಾಲು ಸೋತಿತ್ತು. ದೇಶದ ಮೊದಲ ಚಿಟ್ಟೆ ಉದ್ಯಾನ ಅದು, 2006ರದು. ಬಿಸಿಲಿಳಿದರೆ ಚಿಟ್ಟೆ ಹಾರುವುದಿಲ್ಲ, ಬಿಸಿಲಿದ್ದರೆ ಅಜ್ಜಿಯರು ನಡೆಯುವುದಿಲ್ಲ. ಹೊರಗೆ ಮರದ ಕೆಳಗೆ ಪುಳಿಯೋಗರೆ ಬಿಚ್ಚಿದೆವು. ಎಲ್ಲಿಂದಲೋ ಬಂದ ಕೋತಿ ಕಿರಿಯವನ ಕೈಯಿಂದ ಬಾಳೆಹಣ್ಣು ಕಸಿದು ನಮ್ಮೆದುರೇ ಸಿಪ್ಪೆ ಸುಲಿದು ತಿಂದಿತು. ಸಿಂಹ, ಹುಲಿ, ಚಿರತೆಗಳೆಲ್ಲ ಸೇರಿ ಕೊಡದಿದ್ದ ರೋಮಾಂಚನವನ್ನು ಅದೊಂದೇ ಕೊಟ್ಟಿತು. ಅದಕ್ಕೆ ಬೇಲಿಯಿರಲಿಲ್ಲ, ನಮಗೂ ಇರಲಿಲ್ಲ.

ಬನ್ನೇರುಘಟ್ಟಕ್ಕೆ ಹೋಗಬೇಡಿ ಎನ್ನುವವಳಲ್ಲ ನಾನು. ಬೀದಿಯಿಂದ, ಡೇರೆಯಿಂದ ಬಿಡಿಸಿ ತಂದ ಜೀವಗಳಿಗೆ ಮೇವು, ಮಾಂಸ, ಮದ್ದು ಆಗುವುದು ನಮ್ಮ ಟಿಕೆಟ್ಟಿನ ದುಡ್ಡೇ. ಆದರೆ ಮಕ್ಕಳಿಗೆ "ನೋಡು ಸಿಂಹ, ಕಾಡಿನ ರಾಜ" ಎಂದು ಹಳೆಯ ಪಾಠ ಒಪ್ಪಿಸುವುದನ್ನು ಬಿಟ್ಟು, ಅದು ಎಲ್ಲಿಂದ ಬಂತು, ಯಾಕೆ ಬಂತು ಎಂಬುದನ್ನೂ ಹೇಳಿ. ಕೇಳಲು ಅವರಿಗೆ ತಾಳ್ಮೆಯಿದೆ. ಮಲಗಿದ ಪ್ರಾಣಿಗೆ ಕೂಗಬೇಡಿ, ಡ್ರೈವರಿಗೆ ಹತ್ತಿರ ಹೋಗಿ ಎನ್ನಬೇಡಿ, ಕೋತಿಗೆ ಕಾಣುವಂತೆ ಬಾಳೆಹಣ್ಣು ಹಿಡಿಯಬೇಡಿ. ಬೆಳಗಿನ ಹೊತ್ತಿನ ಬಸ್ಸು ಹತ್ತಿ, ಬಿಸಿಲೇರಿದ ಮೇಲೆ ಹುಲಿ ನೆರಳು ಬಿಟ್ಟು ಏಳುವುದಿಲ್ಲ. ಮಂಗಳವಾರ ಹೊರಡಬೇಡಿ, ಉದ್ಯಾನಕ್ಕೆ ಅಂದು ವಾರದ ರಜೆ.