ಚಿಲಿಕಾದಲ್ಲಿ 8 ಮಿಲಿಮೀಟರಿನ ಹೊಸ ನೆಂಟ

ಒಡಿಶಾ ಪ್ರವಾಸ ಅಂದರೆ ನಮ್ಮ ಕಡೆಯವರಿಗೆ ಪುರಿ, ಕೋನಾರ್ಕ್, ಭುವನೇಶ್ವರ. ಮೂರು ದಿನ, ಮೂರು ದೇವಸ್ಥಾನ. ನಾಲ್ಕನೆಯ ದಿನ ಕೈಯಲ್ಲಿ ಉಳಿದರೆ ಚಿಲಿಕಾ. ಅದೂ ಪುರಿಯಿಂದ ಹತ್ತಿರ ಅಂತ ಸಾತಪಡಾಕ್ಕೆ ಹೋಗಿ, ದೋಣಿ ಹತ್ತಿ, ಡಾಲ್ಫಿನ್ ಬೆನ್ನು ಒಂದು ಸಲ ಕಂಡರೆ ಸಾಕು ಎಂದು ವಾಪಸ್ ಬರುವುದು. ಕಳೆದ ಜನವರಿಯಲ್ಲಿ ನಾವು ಮೂವರು ಹೊರಟಾಗ ನಮ್ಮ ಪಟ್ಟಿಯೂ ಹೀಗೇ ಇತ್ತು. ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದುತ್ತಿರುವ ಮಗಳು ಮಾತ್ರ ಒಂದು ತಿದ್ದುಪಡಿ ತಂದಳು. “ಸಾತಪಡಾ ಬೇಡ ಅಮ್ಮಾ, ಬರ್ಕುಲ್‌ಗೆ ಹೋಗೋಣ. ಅಲ್ಲಿ ನಾನು ಒಂದು ಪ್ರಾಣಿ ನೋಡಬೇಕು.”

“ಎಷ್ಟು ದೊಡ್ಡದು?” ಅಂದರು ಇವರು.

“ಎಂಟು ಮಿಲಿಮೀಟರ್ ಅಪ್ಪಾ.”

ಇವರು ಕನ್ನಡಕ ಒರೆಸಿಕೊಂಡರು, ಅಷ್ಟೆ.

ಕೆರೆಯೂ ಅಲ್ಲ, ಕಡಲೂ ಅಲ್ಲ

ಚಿಲಿಕಾವನ್ನು ಎಲ್ಲರೂ ಸರೋವರ ಅನ್ನುತ್ತಾರೆ. ನೋಡಿದರೆ ಹಾಗೇ ಕಾಣುತ್ತದೆ. ಆದರೆ ಅದು ಬಂಗಾಳ ಕೊಲ್ಲಿಯ ಮಗ್ಗುಲಲ್ಲಿ ಮರಳಿನ ಉದ್ದನೆಯ ದಿಬ್ಬದ ಹಿಂದೆ ಸಿಕ್ಕಿಕೊಂಡ ನೀರು. ಉತ್ತರದಿಂದ ಮಹಾನದಿಯ ಕವಲುಗಳು ಸಿಹಿನೀರು ತಂದು ಸುರಿಯುತ್ತವೆ. ಇನ್ನೊಂದು ಕಡೆಯಿಂದ ಅಳಿವೆಯ ಮೂಲಕ ಉಪ್ಪುನೀರು ಒಳಗೆ ಬರುತ್ತದೆ. ಮಳೆಗಾಲದಲ್ಲಿ ಸಿಹಿಯ ಕೈ ಮೇಲು, ಬೇಸಿಗೆಯಲ್ಲಿ ಉಪ್ಪಿನ ಕೈ ಮೇಲು. ವಿಸ್ತೀರ್ಣವೂ ಹಾಗೆಯೇ. ಬೇಸಿಗೆಯಲ್ಲಿ ಸುಮಾರು 900 ಚದರ ಕಿಲೋಮೀಟರ್ ಇದ್ದದ್ದು ಮಳೆಗಾಲದಲ್ಲಿ 1,100 ದಾಟುತ್ತದೆ. 1981ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಭಾರತದ ಮೊದಲ ಜೌಗು ಪ್ರದೇಶಗಳಲ್ಲಿ ಇದೂ ಒಂದು.

ಹೌರಾ–ಚೆನ್ನೈ ರೈಲು ಮಾರ್ಗ ಇದರ ಪಶ್ಚಿಮ ದಂಡೆಗೆ ಅಂಟಿಕೊಂಡೇ ಸಾಗುತ್ತದೆ. ಒಂದು ಕಿಟಕಿಯಲ್ಲಿ ಪೂರ್ವಘಟ್ಟದ ಗುಡ್ಡಗಳು, ಇನ್ನೊಂದು ಕಿಟಕಿಯಲ್ಲಿ ಕಣ್ಣು ಹಾಯುವಷ್ಟು ದೂರ ನೀರು. ಬಾಲುಗಾಂವ್‌ನಲ್ಲಿ ಇಳಿದರೆ ಬರ್ಕುಲ್ ಆಟೋ ದೂರದಲ್ಲಿದೆ. ಒಡಿಶಾ ಪ್ರವಾಸೋದ್ಯಮದ ಪಂಥನಿವಾಸ, ದೋಣಿಕಟ್ಟೆ, ಚಹಾದಂಗಡಿಗಳು, ಕರಿದ ಸಿಗಡಿಯ ವಾಸನೆ. ನಡುಗಡ್ಡೆಯಲ್ಲಿರುವ ಕಾಳಿಜಾಯಿ ದೇವಿಯ ದರ್ಶನಕ್ಕೆ ಹೋಗುವವರು ಇಲ್ಲಿಂದಲೇ ದೋಣಿ ಹತ್ತುತ್ತಾರೆ.

ನಮ್ಮವಳು ದೋಣಿಯ ಕಡೆ ತಿರುಗಿಯೂ ನೋಡಲಿಲ್ಲ. ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿಗಿಳಿದು, ಪಾಚಿ ಹಿಡಿದ ಒಂದು ಕಲ್ಲನ್ನು ಮೆಲ್ಲಗೆ ಮಗುಚಿದಳು. ಕಲ್ಲಿನ ಅಡಿಯಲ್ಲಿ ಏನೋ ಚಟಪಟ ಅಂದಿತು. ಅಕ್ಕಿಕಾಳಿನಷ್ಟೇ ಇರುವ ಹತ್ತಾರು ಜೀವಗಳು ಪಕ್ಕಕ್ಕೆ ವಾಲಿಕೊಂಡು ಕುಪ್ಪಳಿಸಿ ಪಾಚಿಯೊಳಗೆ ಮಾಯವಾದವು.

“ಇದೇನಾ ನಿನ್ನ ಪ್ರಾಣಿ?”

“ಇದೇ ಇರಬಹುದು, ಇದರ ದಾಯಾದಿಯೂ ಇರಬಹುದು. ಬರಿಗಣ್ಣಿಗೆ ಹೇಳೋಕಾಗಲ್ಲ ಅಮ್ಮಾ.”

ಒಡಿಯಾ ಭಾಷೆಯ ಹೆಸರು ಹೊತ್ತವನು

ಸಿಗಡಿ, ಏಡಿಗಳ ದೊಡ್ಡ ಬಳಗಕ್ಕೆ ಕಠಿಣಚರ್ಮಿಗಳು ಅಂತ ಪಠ್ಯಪುಸ್ತಕದ ಹೆಸರು. ಆ ಬಳಗದ ಬಡ ನೆಂಟರು ಈ ಆಂಫಿಪಾಡ್‌ಗಳು. ತಟ್ಟೆಗೆ ಬರುವಷ್ಟು ದೊಡ್ಡವಲ್ಲ, ಹಾಗಾಗಿ ಯಾರ ಬಾಯಲ್ಲೂ ಇವುಗಳ ಹೆಸರಿಲ್ಲ. ಕಡಲತೀರದಲ್ಲಿ ದಡಕ್ಕೆ ಬಿದ್ದ ಪಾಚಿಯನ್ನು ಕಾಲಲ್ಲಿ ಸರಿಸಿದಾಗ ಚಿಟಿಚಿಟಿ ಹಾರುವ ಮರಳುಚಿಗಟಗಳನ್ನು ನೀವು ನೋಡಿರಬಹುದು. ಅವೂ ಇದೇ ಮನೆತನದವು. ಎರಡು ಬದಿಯಿಂದ ಒತ್ತಿದ ಹಾಗೆ ಚಪ್ಪಟೆ ಮೈ, ಬಾಗಿದ ಬೆನ್ನು, ಎರಡು ಜೊತೆ ಮೀಸೆ. ಕೊಳೆತ ಎಲೆ, ಪಾಚಿ, ಸತ್ತ ಜೀವಿ, ಎಲ್ಲವನ್ನೂ ತಿಂದು ಚೊಕ್ಕ ಮಾಡುವವು ಇವು. ಮೀನು ಇವನ್ನು ತಿನ್ನುತ್ತದೆ, ಹಕ್ಕಿಗಳೂ ತಿನ್ನುತ್ತವೆ. ಚಳಿಗಾಲದಲ್ಲಿ ಲಕ್ಷಾಂತರ ಹಕ್ಕಿಗಳು ಚಿಲಿಕಾಕ್ಕೆ ಬರುತ್ತವಲ್ಲ, ಆ ಅನ್ನಛತ್ರದ ಅಡುಗೆಮನೆಯಲ್ಲಿ ದುಡಿಯುವವರಲ್ಲಿ ಇವೂ ಸೇರಿವೆ.

ಬರ್ಕುಲ್ ದಂಡೆಯಲ್ಲಿ ಸಿಕ್ಕ ಇಂಥದೊಂದು ಜೀವಿಯನ್ನು ಇತ್ತೀಚಿನ ವರ್ಷಗಳಲ್ಲಿ ಬ್ರಹ್ಮಪುರ ವಿಶ್ವವಿದ್ಯಾಲಯದ ಸಂಶೋಧಕರು ಹೊಸ ಪ್ರಭೇದವೆಂದು ಗುರುತಿಸಿದರು. ತಿಳಿಕಂದು ಬಣ್ಣ, ಸುಮಾರು 8 ಮಿಲಿಮೀಟರ್ ಉದ್ದ, 13 ಜೊತೆ ಕಾಲು. ಅದಕ್ಕೆ ಅವರು ಇಟ್ಟ ಹೆಸರು ಪಾರ್‌ಹ್ಯಾಲೆ ಒಡಿಯನ್. ಪಾರ್‌ಹ್ಯಾಲೆ ಅನ್ನುವುದು ಕುಲದ ಹೆಸರು. ಒಡಿಯನ್ ಅನ್ನುವುದು ಅವರ ತಾಯ್ನುಡಿ ಒಡಿಯಾದ ಗೌರವಕ್ಕೆ. ರಾಜರ ಹೆಸರು, ವಿಜ್ಞಾನಿಗಳ ಹೆಸರು, ಊರಿನ ಹೆಸರು ಇಡುವುದನ್ನು ಕೇಳಿದ್ದೆ. ಭಾಷೆಯ ಹೆಸರನ್ನು ಒಂದು ಪುಟ್ಟ ಜೀವಕ್ಕೆ ಇಡುವುದು ನನಗೆ ಹೊಸದು, ಇಷ್ಟವೂ ಆಯಿತು.

ಹೆಸರಿಡುವುದೆಂದರೆ ನಾಮಕರಣದಷ್ಟು ಸುಲಭವಲ್ಲ

ಹೊಸ ಪ್ರಾಣಿ ಸಿಕ್ಕಿತು ಅಂತ ಪೇಪರಿನಲ್ಲಿ ಓದುವಾಗ ಯಾರೋ ಕಲ್ಲು ಎತ್ತಿದರು, ಸಿಕ್ಕಿತು, ಹೆಸರಿಟ್ಟರು ಅನ್ನಿಸುತ್ತದೆ. ಅಂದು ಸಂಜೆ ಪಂಥನಿವಾಸದ ಜಗಲಿಯಲ್ಲಿ ಚಹಾ ಕುಡಿಯುತ್ತಾ ಮಗಳು ಹೇಳಿದ್ದನ್ನು ಕೇಳಿದ ಮೇಲೆ ಆ ಕೆಲಸದ ಮೇಲೆ ಗೌರವ ಬಂತು.

ಮೊದಲು ಪಾಚಿ, ಕಲ್ಲು, ಹುಲ್ಲನ್ನು ಬಕೆಟ್ಟಿನಲ್ಲಿ ಅಲುಬಿ ಆ ನೀರನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಬೇಕು. ಸಿಕ್ಕಿದ್ದನ್ನು ಆಲ್ಕೋಹಾಲ್‌ನಲ್ಲಿ ಹಾಕಿ ಚೀಟಿ ಬರೆದಿಡಬೇಕು: ಎಲ್ಲಿ, ಯಾವ ದಿನ, ಎಷ್ಟು ಆಳ, ಯಾರು ಹಿಡಿದದ್ದು. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಕೂದಲಿನಂಥ ಸೂಜಿಗಳಿಂದ ಒಂದೊಂದೇ ಅಂಗ ಬಿಡಿಸಬೇಕು. ಮೀಸೆ, ದವಡೆ, ಹಿಡಿಗಾಲು, ನಡೆಗಾಲು, ಈಜುಗಾಲು, ಬಾಲದ ತುದಿಯ ಫಲಕ. ಇಡೀ ಪ್ರಾಣಿಯೇ ಅಕ್ಕಿಕಾಳು ಅಂದಮೇಲೆ ಅದರ ದವಡೆ ಎಷ್ಟಿರುತ್ತದೆ ಊಹಿಸಿ! ಅವನ್ನು ಗ್ಲಿಸರಿನ್ ತೊಟ್ಟಿಟ್ಟ ಗಾಜಿನ ಪಟ್ಟಿಯ ಮೇಲೆ ಹರಡಿ, ಪ್ರತಿಯೊಂದರ ಚಿತ್ರ ಬರೆಯಬೇಕು. ಫೋಟೋ ಸಾಲದು. ಯಾವ ಕಾಲಿನ ಯಾವ ಗಿಣ್ಣಿನಲ್ಲಿ ಎಷ್ಟು ಮುಳ್ಳು, ಯಾವ ರೋಮ ಎಲ್ಲಿ ಬಾಗಿದೆ ಅನ್ನುವುದು ಗೆರೆಯಲ್ಲಿ ಕಾಣುವಷ್ಟು ಚೆನ್ನಾಗಿ ಫೋಟೋದಲ್ಲಿ ಕಾಣುವುದಿಲ್ಲವಂತೆ.

ಆಮೇಲೆ ಹೋಲಿಕೆ. ಅದೇ ಕುಲದಲ್ಲಿ ಜಗತ್ತಿನಲ್ಲಿ ಈವರೆಗೆ ಹೆಸರು ಪಡೆದ ಪ್ರತಿಯೊಂದರ ವಿವರಣೆಯನ್ನೂ ಹುಡುಕಿ ಓದಬೇಕು. ಅದು ನೂರು ವರ್ಷದ ಹಿಂದಿನದಿರಲಿ, ಯಾವ ಭಾಷೆಯಲ್ಲೇ ಇರಲಿ. ಪ್ರಾಣಿಗಳ ಹೆಸರಿನ ಲೆಕ್ಕ ಶುರುವಾಗುವುದು 1758ರಿಂದ. ಮೊದಲು ಇಟ್ಟವರ ಹೆಸರೇ ಊರ್ಜಿತ. ಎಲ್ಲದಕ್ಕಿಂತ ಬೇರೆ ಎಂದು ಖಾತ್ರಿಯಾದರೆ ಒಂದು ಮಾದರಿಯನ್ನು ಆರಿಸಿ ಅದನ್ನೇ ಆ ಪ್ರಭೇದದ ಸಾಕ್ಷಿಯಾಗಿ ಸಂಗ್ರಹಾಲಯದಲ್ಲಿ ಇಡುತ್ತಾರೆ. ಅದಕ್ಕೆ ಹೋಲೋಟೈಪ್ ಅನ್ನುತ್ತಾರೆ. ಮುಂದೆ ಯಾರಿಗಾದರೂ ಅನುಮಾನ ಬಂದರೆ ಹೋಗಿ ನೋಡುವುದು ಅದನ್ನೇ. ಚಿನ್ನದಂಗಡಿಯ ತೂಕದ ಬಟ್ಟಿನ ಹಾಗೆ.

“ಇದೇ ಒಂದು ಕಲ್ಲಿನ ಕೆಳಗೆ ಹೊಸದು ಸಿಗುತ್ತೆ, ಪಕ್ಕದ ಊರಲ್ಲಿ ಯಾಕಿರಲ್ಲ?” ಎಂದು ಕೇಳಿದೆ.

ಸಿಗಡಿ, ಏಡಿಗಳ ಮರಿಗಳು ಮೊದಲು ತಾಯಿಯ ಹಾಗೆ ಇರುವುದೇ ಇಲ್ಲ. ನೀರಿನಲ್ಲಿ ತೇಲುತ್ತಾ ಪ್ರವಾಹದೊಂದಿಗೆ ದೂರದೂರ ಹೋಗುತ್ತವೆ. ಆಂಫಿಪಾಡ್ ತಾಯಿ ಹಾಗಲ್ಲ. ಹೊಟ್ಟೆಯಡಿಯ ಚೀಲದಲ್ಲಿ ಮೊಟ್ಟೆ ಇಟ್ಟುಕೊಂಡು ಓಡಾಡುತ್ತಾಳೆ. ಮರಿಗಳು ತಾಯಿಯದೇ ಪುಟ್ಟ ಪಡಿಯಚ್ಚಾಗಿ ಹೊರಬಂದು ಅಲ್ಲೇ ಪಾಚಿಯಲ್ಲಿ ಸಂಸಾರ ಹೂಡುತ್ತವೆ. ಊರು ಬಿಟ್ಟು ಹೋಗದವರ ಮಾತಿಗೆ ತನ್ನದೇ ಧಾಟಿ ಬರುವ ಹಾಗೆ, ಒಂದೊಂದು ಕೊಲ್ಲಿ, ಒಂದೊಂದು ಹಿನ್ನೀರಿನಲ್ಲಿ ಇವುಗಳದೇ ಬೇರೆ ಬೇರೆ ರೂಪ. ಜಗತ್ತಿನಲ್ಲಿ ಈಗಾಗಲೇ 10,000ಕ್ಕೂ ಹೆಚ್ಚು ಆಂಫಿಪಾಡ್ ಪ್ರಭೇದಗಳಿಗೆ ಹೆಸರಿದೆ, ಪಟ್ಟಿ ಇನ್ನೂ ಬೆಳೆಯುತ್ತಿದೆ.

ನೂರು ವರ್ಷದ ಹಿಂದಿನ ಪಟ್ಟಿ

ಚಿಲಿಕಾದಲ್ಲಿ ಈ ಕೆಲಸ ಹೊಸದಲ್ಲ. 1913–14ರ ಸುಮಾರಿಗೆ ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂನಿಂದ ನೆಲ್ಸನ್ ಅನಂಡೇಲ್ ಮತ್ತು ಸ್ಟ್ಯಾನ್ಲಿ ಕೆಂಪ್ ಬಂದು ಇಡೀ ಸರೋವರವನ್ನು ಜಾಲಾಡಿದರು. ಇದೇ ಅನಂಡೇಲ್ 1916ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ ಹುಟ್ಟಿದಾಗ ಅದರ ಮೊದಲ ನಿರ್ದೇಶಕರಾದರು. ಇಲ್ಲಿನ ಬರ್ಕುಡಾ ದ್ವೀಪದ ಕಾಲಿಲ್ಲದ ಹಾವುರಾಣಿಯನ್ನು 1917ರಲ್ಲಿ ವಿವರಿಸಿದವರೂ ಅವರೇ. ಸಿಗಡಿ, ಏಡಿಗಳನ್ನು ಕೆಂಪ್ ನೋಡಿಕೊಂಡರು. ಪುಟಾಣಿಗಳನ್ನು ನ್ಯೂಜಿಲೆಂಡಿನ ಪರಿಣತ ಚಾರ್ಲ್ಸ್ ಚಿಲ್ಟನ್ ಅಭ್ಯಾಸ ಮಾಡಿದರು. ಆಂಫಿಪಾಡ್‌ಗಳ ಬಗ್ಗೆ ಅವರ ವರದಿ 1921ರಲ್ಲಿ ಬಂತು. 1924ರಲ್ಲಿ ಇನ್ನೊಂದು ಪುಟ್ಟ ಕಠಿಣಚರ್ಮಿಗೆ ಅವರು ಚಿಲ್ಕೆನ್ಸಿಸ್, ಅಂದರೆ ‘ಚಿಲಿಕಾದವ’ ಎಂದು ಹೆಸರಿಟ್ಟರು. ನಂತರದವರು ಅದನ್ನು ಬೇರೆ ಕುಲಕ್ಕೆ ಸೇರಿಸಿದರೂ ಊರಿನ ಹೆಸರು ಹೋಗಲಿಲ್ಲ. ಗಂಡನ ಮನೆಗೆ ಹೋದರೂ ತವರಿನ ಹೆಸರು ಉಳಿಸಿಕೊಂಡ ಹಾಗೆ!

ಈ ಹಳೆಯ ಪಟ್ಟಿಯಿಂದ ಏನು ಪ್ರಯೋಜನ ಅಂತ ಕೇಳುವವರಿಗೆ ಚಿಲಿಕಾವೇ ಉತ್ತರ ಹೇಳುತ್ತದೆ. ಕಳೆದ ಶತಮಾನದ ಕೊನೆಗೆ ಅಳಿವೆಯ ದಾರಿಯಲ್ಲಿ ಹೂಳು ತುಂಬಿ ಸಮುದ್ರದ ನೀರು ಒಳಗೆ ಬರುವುದು ಕಡಿಮೆಯಾಯಿತು. ಉಪ್ಪು ಇಳಿಯಿತು, ಕಳೆ ಹಬ್ಬಿತು, ಮೀನು ಸಿಗದೆ ಬೆಸ್ತರ ಮನೆಗಳಲ್ಲಿ ಒಲೆ ಉರಿಯುವುದು ಕಷ್ಟವಾಯಿತು. 1993ರಲ್ಲಿ ರಾಮ್ಸರ್‌ನ ಅಪಾಯದ ಪಟ್ಟಿಗೆ ಚಿಲಿಕಾ ಸೇರಿತು. 2000ದ ಸೆಪ್ಟೆಂಬರ್‌ನಲ್ಲಿ ಮರಳುದಿಬ್ಬವನ್ನು ಕಡಿದು ಹೊಸ ಅಳಿವೆ ಬಾಯಿ ತೆರೆದರು. ವರ್ಷಕ್ಕೆ 2,000 ಟನ್ನಿಗಿಂತ ಕೆಳಗೆ ಕುಸಿದಿದ್ದ ಮೀನಿನ ಇಳುವರಿ ಒಂದೆರಡು ವರ್ಷದಲ್ಲೇ ಸುಮಾರು 12,000 ಟನ್ನಿಗೆ ಏರಿತು. 2002ರಲ್ಲಿ ಅಪಾಯದ ಪಟ್ಟಿಯಿಂದ ಹೆಸರು ತೆಗೆದರು.

ಮೀನು ವಾಪಸ್ ಬಂದದ್ದು ತಕ್ಕಡಿಯಲ್ಲಿ ಗೊತ್ತಾಗುತ್ತದೆ. ಕಲ್ಲಿನ ಕೆಳಗಿನವರು ಯಾರು ಹೋದರು, ಯಾರು ಉಳಿದರು, ಯಾರು ಹೊಸದಾಗಿ ಬಂದರು ಅನ್ನುವುದು ಹಾಗೆ ಗೊತ್ತಾಗುವುದಿಲ್ಲ. ಮೊದಲು ಯಾರಿದ್ದರು ಎಂದು ಹೆಸರು ಹಿಡಿದು ಬರೆದಿಟ್ಟವರು ಇದ್ದರೆ ಮಾತ್ರ ಆ ಲೆಕ್ಕ ಸಾಧ್ಯ. ಹಾಜರಿ ಪುಸ್ತಕವೇ ಇಲ್ಲದ ಶಾಲೆಯಲ್ಲಿ ಇವತ್ತು ಯಾರು ಗೈರು ಅಂತ ಹೇಗೆ ಹೇಳುವುದು?

ಅಪ್ಪನ ಪ್ರಶ್ನೆ

ಮರುದಿನ ಬೆಳಿಗ್ಗೆ ಕಾಳಿಜಾಯಿಗೆ ಹೋದೆವು. ಜಾಯಿ ಎಂಬ ಹುಡುಗಿ ಮದುವೆಯಾಗಿ ಗಂಡನ ಮನೆಗೆ ಅಪ್ಪನ ಜೊತೆ ದೋಣಿಯಲ್ಲಿ ಹೊರಟಾಗ ಬಿರುಗಾಳಿಗೆ ಸಿಕ್ಕು ಮುಳುಗಿದಳಂತೆ. ಅಪ್ಪ ಬದುಕಿಕೊಂಡನಂತೆ. ಅವಳೇ ಇಲ್ಲಿ ದೇವಿಯಾಗಿ ನೆಲೆಸಿದ್ದಾಳೆ ಎಂದು ಬೆಸ್ತರು ನಂಬುತ್ತಾರೆ. ಮಕರ ಸಂಕ್ರಾಂತಿಗೆ ದೊಡ್ಡ ಜಾತ್ರೆ. ದೋಣಿಯವನು ಹಿಂದಿಯಲ್ಲಿ ಈ ಕಥೆ ಹೇಳುವಾಗ ಇವರು ಮಗಳ ಕಡೆಯೇ ನೋಡುತ್ತಿದ್ದರು.

ವಾಪಸ್ ಬರುವಾಗ ಕೊನೆಗೂ ಕೇಳಿಯೇಬಿಟ್ಟರು. “ಅಲ್ಲ ಪುಟ್ಟಿ, ಇದನ್ನೇ ಓದ್ತೀನಿ ಅಂತೀಯಲ್ಲ, ಇದರಲ್ಲಿ ಕೆಲಸ ಸಿಗುತ್ತಾ?”

“ಕಷ್ಟ ಅಪ್ಪಾ. ಹೆಸರಿಡೋ ವಿದ್ಯೆ ಗೊತ್ತಿರೋರು ಕಡಿಮೆಯಾಗ್ತಿದ್ದಾರೆ. ಡಿಎನ್ಎ ಓದೋ ಯಂತ್ರ ಇದು ಬೇರೆ ಅಂತ ಹೇಳುತ್ತೆ, ಆದರೆ ಕಾಲಿನ ಮುಳ್ಳು ನೋಡಿ ಯಾರು ಅಂತ ಬರೆಯೋಕೆ ಮನುಷ್ಯರೇ ಬೇಕು.”

ಇವರು ಸ್ವಲ್ಪ ಹೊತ್ತು ನೀರು ನೋಡಿದರು. ಬ್ಯಾಂಕಿನಲ್ಲಿ 30 ವರ್ಷ ಲೆಡ್ಜರ್ ಬರೆದ ಕೈ ಅದು. “ಲೆಕ್ಕ ಬರೆಯೋರು ಇಲ್ಲದೇ ಹೋದರೆ ಕಷ್ಟವೇ” ಅಂದರು. ಒಪ್ಪಿಗೆಯೋ ಚಿಂತೆಯೋ ನನಗೆ ಗೊತ್ತಾಗಲಿಲ್ಲ. ಊರಿಗೆ ಬಂದ ಮೇಲೆ ಎಂಎಸ್ಸಿ ಅರ್ಜಿಗಳ ಕೊನೆಯ ದಿನಾಂಕಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟವರು ಮಾತ್ರ ಅವರೇ.

ನಮ್ಮಲ್ಲೂ ಇಂಥ ಕೆಲಸ ನಡೆಯುತ್ತಿದೆ. ಯಲ್ಲಾಪುರದ ಕಡೆ ಸಿಕ್ಕ ಎರಡು ಬಣ್ಣದ ಸಿಹಿನೀರಿನ ಏಡಿಗೆ 2022ರಲ್ಲಿ ಘಾಟಿಯಾನಾ ದ್ವಿವರ್ಣ ಎಂದು ಹೆಸರಾಯಿತು. ಕಾರವಾರದಿಂದ ಮಂಗಳೂರಿನವರೆಗೆ ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಅಳಿವೆಗಳಿವೆ. ಕನ್ನಡದ ಹೆಸರು ಹೊತ್ತ ಪುಟಾಣಿಯೊಂದು ಅಲ್ಲಿನ ಯಾವ ಕಲ್ಲಿನಡಿ ಕುಳಿತಿದೆಯೋ!

ಚಿಲಿಕಾಕ್ಕೆ ಹೋಗುವುದಾದರೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಹಕ್ಕಿಗಳೂ ಇರುತ್ತವೆ, ಬಿಸಿಲೂ ಹಿತ. ಬೆಂಗಳೂರಿನಿಂದ ಭುವನೇಶ್ವರದ ರೈಲು ಹಿಡಿದರೆ ಬ್ರಹ್ಮಪುರದಲ್ಲೂ ಇಳಿದು ಬರಬಹುದು. ಛೇನಾ ಪೋಡ ತಿನ್ನದೆ ಬರಬೇಡಿ. ದೋಣಿ ಹತ್ತುವ ಮೊದಲು ಮಕ್ಕಳ ಜೊತೆ ಹತ್ತು ನಿಮಿಷ ದಂಡೆಯಲ್ಲಿ ಕೂತು ಒಂದು ಕಲ್ಲು ಮಗುಚಿ ನೋಡಿ. ನೋಡಿದ ಮೇಲೆ ಅದು ಹೇಗಿತ್ತೋ ಹಾಗೇ ಮೆಲ್ಲಗೆ ವಾಪಸ್ ಇಡಿ. ಅಡಿಯಲ್ಲಿ ಬಸುರಿಯರಿರುತ್ತಾರೆ.