ಡಬ್ಬಿಯೊಳಗಿನ ಅಣಬೆ

ನಮ್ಮವರು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ, ನೋಡಲು ಬಂದವರೆಲ್ಲ ಅರ್ಧ ಡಾಕ್ಟರರೇ! ನಾದಿನಿಯಂತೂ ಬರಿಗೈಯಲ್ಲಿ ಬರಲಿಲ್ಲ. "ಅತ್ತಿಗೆ, ಅಣ್ಣನಿಗೆ ದಿನಕ್ಕೆರಡು ಕೊಡಿ, ರಕ್ತ ಶುದ್ಧವಾಗುತ್ತೆ" ಎಂದು ಗ್ಯಾನೊಡರ್ಮಾ ಅಣಬೆಯ ಕ್ಯಾಪ್ಸೂಲ್ ಡಬ್ಬಿಯನ್ನು ಕೈಗಿಟ್ಟಳು. ಜಪಾನಿನವರು ರೇಶಿ ಎನ್ನುವ ಅಣಬೆ ಇದು. ಕಟ್ಟಿಗೆಯಷ್ಟು ಗಟ್ಟಿ, ಬಾಯಿಗಿಟ್ಟರೆ ಕಹಿ; ಮರದ ಹೊಟ್ಟಿನಲ್ಲಿ ಬೆಳೆಸುತ್ತಾರೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 'ಆಂಟಿಆಕ್ಸಿಡೆಂಟ್' ಎಂದಿತ್ತು. ಆ ಮಾತನ್ನು ನೀವೂ ಎಷ್ಟು ಡಬ್ಬಿಗಳ ಮೇಲೆ ಓದಿಲ್ಲ?

ಕೊಟ್ಟೆ. ಎರಡು ವಾರವಾಗಿರಬಹುದು, ಹಲ್ಲುಜ್ಜುವಾಗ ಅವರ ವಸಡಿನಲ್ಲಿ ರಕ್ತ ಕಾಣಿಸಿತು. ಡಬ್ಬಿ ಹಿಡಿದು ಡಾಕ್ಟರರ ಬಳಿ ಓಡಿದೆ. "ರಕ್ತ ಹೆಪ್ಪುಗಟ್ಟದಿರಲು ನಾನೇ ಗುಳಿಗೆ ಕೊಟ್ಟಿದ್ದೇನೆ. ಈ ಅಣಬೆಗೂ ಅದೇ ಗುಣ ಇರಬಹುದು. ಯಾವುದರಿಂದ ಆಯಿತೆಂದು ಹೇಳಲಾರೆ, ಇದನ್ನು ಇವತ್ತೇ ನಿಲ್ಲಿಸಿ" ಎಂದರು. ಕೇಳದೆ ಕೊಟ್ಟವಳು ನಾನು. ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಇಂಗ್ಲಿಷ್ ಬಿ.ಎ. ಓದಿದವಳಿಗೆ ರಸಾಯನಶಾಸ್ತ್ರ ದೂರವೇ. ಆದರೂ ಹಟದಿಂದ ಓದಿದೆ. ಅಣಬೆಯ ಈ ಶಕ್ತಿಯನ್ನು ಅಳೆಯುವ ಒಂದು ರೂಢಿಯ ಕ್ರಮ ಹೀಗಿದೆ: ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಅಣಬೆಯ ಸಾರ ಬೆರೆಸುತ್ತಾರೆ, ನೇರಳೆ ಮಾಸಿ ಹಳದಿಯಾದಷ್ಟೂ ಶಕ್ತಿ ಹೆಚ್ಚೆಂದು ಲೆಕ್ಕ. ನಾವು ಕುಡಿಯುವ ಚಹಾ, ನೆಲ್ಲಿಕಾಯಿ ಕೂಡ ಆ ಬಣ್ಣ ಕಳೆಯುತ್ತವೆ. ಆದರೆ ಗಾಜಿನ ನಳಿಗೆಗೆ ಹೊಟ್ಟೆಯುಂಟೇ, ಯಕೃತ್ತುಂಟೇ? ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕೆರೋಟಿನ್ ಎಂಬ ಆಂಟಿಆಕ್ಸಿಡೆಂಟ್ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಾಗಿತ್ತು!

ಹಾಗೆಂದು ಅಣಬೆಯ ಮೇಲೆ ನನಗೆ ಮುನಿಸಿಲ್ಲ. ಭತ್ತದ ಹುಲ್ಲಿನಲ್ಲಿ ಬೆಳೆಯುವ ಚಿಪ್ಪು ಅಣಬೆಯಲ್ಲಿ ಎರ್ಗೊಥಯೋನೀನ್ ಎಂಬ ವಸ್ತುವಿದೆ. ನಮ್ಮ ದೇಹ ಅದನ್ನು ತಯಾರಿಸಲಾರದು, ಊಟದಿಂದಲೇ ಬರಬೇಕು. ಅದನ್ನು ಒಳಗೆ ಕರೆದುಕೊಳ್ಳಲು ಜೀವಕೋಶಗಳಲ್ಲಿ ಒಂದು ಬಾಗಿಲೇ ಇದೆಯೆಂದು 2005ರಲ್ಲಿ ಗೊತ್ತಾಯಿತು. ಇದರಿಂದ ಯಾವ ಕಾಯಿಲೆ ವಾಸಿಯಾಗುತ್ತದೆಂದು ಇನ್ನೂ ಸಾಬೀತಾಗಿಲ್ಲ. ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ನಾನು ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೇ ಸೇರಿಸುತ್ತೇನೆ. ಕಾಳುಮೆಣಸು ತುಸು ಮುಂದಾಗಿದ್ದರೆ ನಮ್ಮವರು ಎರಡನೆಯ ಸಲ ಬಡಿಸಿಕೊಳ್ಳುತ್ತಾರೆ.

ಮೊನ್ನೆ ನಾದಿನಿ ಫೋನಿನಲ್ಲಿ, "ಡಬ್ಬಿ ಮುಗಿಯಿತಾ ಅತ್ತಿಗೆ? ಇನ್ನೊಂದು ತರಲಾ?" ಎಂದಳು. "ಭಾನುವಾರ ಊಟಕ್ಕೆ ಬಾ, ಅಣಬೆ ಸಾರು ಮಾಡ್ತೀನಿ" ಎಂದೆ. ವಸಡಿನ ವಿಷಯ ಅವಳಿಗೆ ಇನ್ನೂ ಹೇಳಿಲ್ಲ.