ಸಂಕಲ್ಪ

ಯಾವ ಕರ್ಮವನ್ನಾಗಲಿ ಆರಂಭಿಸುವ ಮೊದಲು ಸಂಕಲ್ಪ ಮಾಡತಕ್ಕದ್ದೆಂದು ನಮ್ಮ ಹಿರಿಯರು ವಿಧಿಸಿದರು. ಕಲ್ಪ, ಮನ್ವಂತರ, ಯುಗಗಳಿಂದ ಇಳಿಯುತ್ತಿಳಿಯುತ್ತ ಸಂವತ್ಸರ, ಮಾಸ, ತಿಥಿ, ವಾರಗಳಿಗೆ ಬಂದು, ಕಡೆಗೆ ‘ಇಂದು ನಾನು ಇಷ್ಟನ್ನು ಮಾಡುವೆನು’ ಎಂದು ಹೇಳಿ ನಿಲ್ಲಿಸುವುದು ಅದರ ಕ್ರಮ. ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ್ದ ಈ ಕ್ರಮದ ಸ್ವಾರಸ್ಯವು ನಿವೃತ್ತನಾದ ಮೇಲೆ ನನಗೆ ಹೆಚ್ಚಾಗಿ ತಿಳಿಯಿತು. ಉದ್ದೇಶವು ಎಷ್ಟೇ ದೊಡ್ಡದಾಗಿರಲಿ, ಇಂದಿನ ತಿಥಿಗೆ ಇಳಿದು ಬಾರದಿದ್ದರೆ ಅದು ಮನುಷ್ಯನನ್ನು ನಡೆಯಿಸುವುದಿಲ್ಲ, ಕುಗ್ಗಿಸುತ್ತದೆ.

ಮೂವತ್ತು ವರ್ಷಕ್ಕೂ ಮಿಕ್ಕು ಪಾಠ ಹೇಳಿದವನಿಗೆ ಶಾಲೆಯ ಗಂಟೆ ಕೇಳಿಸದ ದಿನವು ಬಲು ದೀರ್ಘ. ಪೀಣ್ಯದಲ್ಲಿ ನಮ್ಮ ಮನೆಯ ಸುತ್ತಲೂ ಹೊರರಾಜ್ಯಗಳಿಂದ ಬಂದು ಕಾರ್ಖಾನೆಗಳಲ್ಲಿ ದುಡಿಯುವ ತರುಣರು ವಾಸವಾಗಿರುವರು. ಅವರಿಗೆ ಕನ್ನಡದ ಓದುಬರಹ ಕಲಿಸಲು ಹೊರಟೆನು. ಮೊದಲನೆಯ ತಿಂಗಳು ಹನ್ನೆರಡು ಮಂದಿ ಬಂದರು. ಮೂರನೆಯ ತಿಂಗಳಿಗೆ ನಾಲ್ವರು ಉಳಿದರು. ಅವರಲ್ಲಿ ಶ್ರದ್ಧೆಯಿಲ್ಲವೆನ್ನಲಾಗದು. ವಾರವಾರಕ್ಕೆ ಪಾಳಿ ಬದಲಾಗುವುದು. ರಾತ್ರಿಯೆಲ್ಲ ಯಂತ್ರದ ಮುಂದೆ ನಿಂತವನಿಗೆ ಒತ್ತಕ್ಷರವು ತಲೆಗೆ ಹತ್ತೀತೆ? ಆದಕಾರಣ ವರ್ಷದ ಪಾಠಕ್ರಮವನ್ನು ಬದಿಗಿಟ್ಟು, ಬಂದವನು ಬಂದ ದಿನವೇ ಏನಾದರೊಂದು ಪ್ರಯೋಜನವನ್ನು ಪಡೆದುಹೋಗುವಂತೆ ಪಾಠವನ್ನು ಕಟ್ಟಿದೆನು: ಒಂದು ದಿನ ಬಸ್ಸಿನ ಫಲಕ, ಒಂದು ದಿನ ಔಷಧದ ಅಂಗಡಿಯ ಮಾತು, ಒಂದು ದಿನ ಅವನದೇ ಹೆಸರು. ತಿರುಗಿ ಬಾರದವನೂ ಬರಿಗೈಯಲ್ಲಿ ಹೋಗಲಿಲ್ಲ.

ಇದಕ್ಕಿಂತ ಎಷ್ಟೋ ದೊಡ್ಡದಾದ ದೃಷ್ಟಾಂತವೊಂದು ನಗರದ ದಕ್ಷಿಣದ ಅಂಚಿನಲ್ಲಿದೆ. 1976ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ಸಂಸ್ಥೆಯ ಮೊದಲ ಮುಖ್ಯಸ್ಥರಾದ ಆರ್. ಕೆ. ಬಾಳಿಗರು, ಬೆಂಗಳೂರು ಅಮೆರಿಕದ ಸಿಲಿಕಾನ್ ವ್ಯಾಲಿಗೆ ಸಮನಾಗಬೇಕೆಂದು ಕನಸು ಕಂಡರು. ಅಂತಹ ದೊಡ್ಡ ಮಾತನ್ನು ಅವರು ಮಾತಾಗಿಯೇ ಉಳಿಸಲಿಲ್ಲ. ಸರ್ವೆ ನಂಬರುಗಳುಳ್ಳ ನೆಲಕ್ಕೆ ಇಳಿಸಿದರು. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಮೊದಲಾಯಿತು. ಬಾಳಿಗರು 1988ರಲ್ಲಿ ಕಾಲವಾದರು. 1991ರ ಆರ್ಥಿಕ ಸುಧಾರಣೆಯ ಬಳಿಕ ಅಲ್ಲಿ ಬೆಳೆದ ವೈಭವವನ್ನು ಅವರು ಕಾಣಲಿಲ್ಲ.

ಹಾಗಾದರೆ ಅವರ ಸಂಕಲ್ಪವು ಅಪೂರ್ಣವೆ? ವ್ಯಾಕರಣವನ್ನು ಕೇಳೋಣ. ಕ್ರಿಯೆಯ ಫಲವು ತನಗೇ ಸಲ್ಲುವಾಗ ಕರ್ತನು ‘ಕರಿಷ್ಯೇ’ ಎನ್ನುವನು, ಅದು ಆತ್ಮನೇಪದ. ಫಲವು ಪರರಿಗೆ ಸಲ್ಲುವಾಗ ‘ಕರಿಷ್ಯಾಮಿ’ ಎನ್ನುವನು, ಅದು ಪರಸ್ಮೈಪದ. ಎರಡರಲ್ಲಿಯೂ ಧಾತು ಒಂದೇ, ದುಡಿಮೆಯೂ ಒಂದೇ. ಪರರಿಗಾಗಿ ಕೈಗೊಂಡ ಕಾರ್ಯದ ಫಲವನ್ನೂ ತಾನೇ ಕಣ್ಣಾರೆ ಕಾಣಬೇಕೆಂಬ ಹಟವು ಎಷ್ಟೋ ಸಜ್ಜನರ ಮುಪ್ಪನ್ನು ಕಹಿಮಾಡಿರುವುದನ್ನು ನಾನು ಬಲ್ಲೆನು. ದಿನದ ಪಾಲನ್ನು ದಿನಕ್ಕೆ ಸಲ್ಲಿಸಿದವನಿಗೆ ಆ ಕಹಿ ತಟ್ಟದು. ನಾಳೆ ಸಂಜೆ ಎಷ್ಟು ಮಂದಿ ಬರುವರೋ ತಿಳಿಯದು. ಒಬ್ಬನೇ ಬಂದರೂ ಪಾಠ ನಡೆಯುವುದು.